ನಾಲ್‌ಬಂದ್ ನಾಗೋಜಿರಾಯರ ನಲವತ್ತು ಸೆಕೆಂಡು

1996ರ ಅಕ್ಟೋಬರ್ ತಿಂಗಳ ಎರಡನೆಯ ಶನಿವಾರ ಮಧ್ಯಾಹ್ನ, ಸ್ಯಾನ್ ಡಿಯಾಗೋ ನಗರದ ಉತ್ತರಕ್ಕಿರುವ ಒಂದು ಪೋಲೋ ಮೈದಾನದಲ್ಲಿ, ಯುರೋಪಿನ ಒಂದು ಸಣ್ಣ ದೇಶದ ಯುವರಾಜರು ಲಾಸ್ ಏಂಜಲೀಸ್ ಬಳಿಯ ಟೊರೆನ್ಸಿನ ನಿವಾಸಿ, ಎಪ್ಪತ್ತೆಂಟು ವರ್ಷದ ನಾಗೋಜಿರಾಯರ ಕೈ ಕುಲುಕಿದರು. ಒಂದು ಪ್ರಶ್ನೆ ಕೇಳಿದರು. ಉತ್ತರ ಕೇಳಿ ನಕ್ಕರು, ಮುಂದಿನವರ ಕಡೆಗೆ ಹೋದರು. ಎಲ್ಲ ಸೇರಿ ನಲವತ್ತು ಸೆಕೆಂಡು. ಉತ್ತರ ಕೊಟ್ಟವಳು ನಾನು.

ಇದನ್ನು ಇಷ್ಟು ವರ್ಷ ಬರೆದಿರಲಿಲ್ಲ. ಕಳೆದ ತಿಂಗಳು, ಈಗ ನಾವಿರುವ ಊರಾದ ವಾಲ್‌ನಟ್‌ನಲ್ಲಿ ಬೆಳಗಿನ ನಡಿಗೆಗೆ ಹೋದಾಗ, ಕುದುರೆಗಳಿಗೆಂದೇ ಬಿಟ್ಟ ಮಣ್ಣುದಾರಿಯ ಪಕ್ಕದ ಮನೆಯೊಂದರ ಹಿತ್ತಲಿನಿಂದ ಸುಟ್ಟ ಗೊರಸಿನ ವಾಸನೆ ಬಂತು. ಕೂದಲು ಸುಟ್ಟಂತಿರುತ್ತದೆ, ಆದರೆ ಅದಕ್ಕಿಂತ ದಟ್ಟ. ಕಾದ ಲಾಳವನ್ನು ಕುದುರೆಯ ಕಾಲಿಗೆ ಒತ್ತಿದಾಗ ಏಳುವ ಹೊಗೆ ಅದು. ಆ ವಾಸನೆಯನ್ನು ನಾನು ಅದಕ್ಕೆ ಮುಂಚೆ ಒಂದೇ ಸಲ ಮೂಸಿದ್ದೆ, ಆ ಶನಿವಾರ. ಮನೆಗೆ ಬಂದು ಹಳೆಯ ಕಡತ ತೆಗೆದೆ.

ನಾನು ಉಡುಪಿ ಕಡೆಯವಳು. ಬೆಂಗಳೂರಿನ ಒಂದು ದಿನಪತ್ರಿಕೆಯಲ್ಲಿ ಒಂಬತ್ತು ವರ್ಷ ಉಪಸಂಪಾದಕಿಯಾಗಿದ್ದು, ಗಂಡನ ಕೆಲಸದ ಹಿಂದೆ ಟೊರೆನ್ಸಿಗೆ ಬಂದವಳು. ಆ ವರ್ಷ ಲಾಸ್ ಏಂಜಲೀಸಿನ ಭಾರತೀಯರಿಗಾಗಿ ನಡೆಯುತ್ತಿದ್ದ ಒಂದು ಇಂಗ್ಲಿಷ್ ವಾರಪತ್ರಿಕೆಯಲ್ಲಿ ವಾರಕ್ಕೆ ಮೂರು ದಿನ ಕೆಲಸ ಮಾಡುತ್ತಿದ್ದೆ. ಆಗಸ್ಟ್ ಕೊನೆಯಲ್ಲಿ ಕಚೇರಿಯ ಫ್ಯಾಕ್ಸಿಗೆ ಒಂದು ಪ್ರಕಟಣೆ ಬಂತು. ಒಂದು ಬ್ರಿಟಿಷ್ ಅಶ್ವದಳದ ನಿವೃತ್ತರು ಸ್ಯಾನ್ ಡಿಯಾಗೋದಲ್ಲಿ ಸಹಾಯಾರ್ಥ ಪೋಲೋ ಪಂದ್ಯ ನಡೆಸುತ್ತಾರೆ, ದಳದ ಗೌರವ ಕರ್ನಲ್ ಆಗಿರುವ ಯುವರಾಜರು ಬರುತ್ತಾರೆ, ದಳದಲ್ಲಿ ಹಿಂದೆ ಎಲ್ಲಿಯೇ ಕೆಲಸ ಮಾಡಿದವರಿದ್ದರೂ ಹೆಸರು ಕೊಟ್ಟರೆ ಅವರಿಗೆ ಪರಿಚಯಿಸಲಾಗುವುದು ಎಂದಿತ್ತು.

ಬೇರೆ ದೇಶದ ಯುವರಾಜ ಬ್ರಿಟಿಷ್ ದಳಕ್ಕೆ ಹೇಗೆ ಕರ್ನಲ್ ಎಂದು ನಾನೂ ಫೋನ್ ಮಾಡಿ ಕೇಳಿದೆ. ಇಂಗ್ಲೆಂಡಿನಲ್ಲಿ ಅದು ಹಳೆಯ ಪದ್ಧತಿಯಂತೆ. ಈ ಯುವರಾಜರ ಅಜ್ಜನ ಕಾಲದಿಂದ ಆ ಮನೆತನದವರೇ ದಳದ ಗೌರವ ಕರ್ನಲ್‌ಗಳು. ಯುದ್ಧಕ್ಕೆ ಕಳಿಸುವ ಅಧಿಕಾರವಾಗಲಿ ಬಡ್ತಿ ಕೊಡುವ ಅಧಿಕಾರವಾಗಲಿ ಅವರಿಗಿಲ್ಲ. ಸಮವಸ್ತ್ರ ತೊಟ್ಟು ವಂದನೆ ಸ್ವೀಕರಿಸುವುದು, ಹಳಬರ ಕೈ ಕುಲುಕುವುದು, ದಳದ ಪುಸ್ತಕಗಳಿಗೆ ಸಹಿ ಹಾಕುವುದು ಅವರ ಕೆಲಸ. ದಳವೇ ಕುದುರೆ ಬಿಟ್ಟು ಟ್ಯಾಂಕು ಹತ್ತಿ ಅರ್ಧ ಶತಮಾನ ಕಳೆದಿತ್ತು. ಇದನ್ನೆಲ್ಲ ಆರು ಸಾಲಿಗೆ ಇಳಿಸಿ ಒಳಪುಟದಲ್ಲಿ ಹಾಕಿದೆ.

ಎರಡು ದಿನದ ನಂತರ ಒಬ್ಬ ಹೆಣ್ಣುಮಗಳು ಫೋನ್ ಮಾಡಿದಳು. ಹೆಸರು ಶಾಂತಾ. ಟೊರೆನ್ಸಿನಲ್ಲಿ ನಮ್ಮ ಮನೆಯಿಂದ ನಾಲ್ಕು ಬೀದಿ ಆಚೆ ವಾಸ, ಆದರೆ ಅಲ್ಲಿಯವರೆಗೆ ಪರಿಚಯವಿರಲಿಲ್ಲ.

"ಅಕ್ಕಾ, ನಮ್ಮ ತಂದೆ ಆ ರೆಜಿಮೆಂಟ್‌ನಲ್ಲಿ ಇದ್ರು. ಬೆಂಗಳೂರು ಕಂಟೋನ್ಮೆಂಟ್‌ನಲ್ಲಿ. ಪೇಪರ್ ನೋಡಿದಾಗಿಂದ ಊಟ ಬಿಟ್ಟು ಕೂತಿದಾರೆ."

"ಏನಾಗಿದ್ರು ಅಲ್ಲಿ?"

"ನೀವೇ ಕೇಳಿ. ಭಾನುವಾರ ಗಣೇಶನ ಪ್ರೋಗ್ರಾಂಗೆ ಬರ್ತೀವಿ."

ಬಾಡಿಗೆಗೆ ಹಿಡಿದ ಶಾಲೆಯ ಸಭಾಂಗಣದಲ್ಲಿ ಗಣೇಶೋತ್ಸವ. ಹೊರಗೆ ಬಿಸಿಲು, ಒಳಗೆ ಬಿಸಿಬೇಳೆಭಾತಿಗೆ ಸಾಲು. ವೇದಿಕೆಯ ಮೇಲೆ ಮಕ್ಕಳ ವೇಷಭೂಷಣ ಸ್ಪರ್ಧೆ, ನಡುನಡುವೆ ಮೈಕಿನಲ್ಲಿ "ಬಿಳಿ ವ್ಯಾನ್ ಯಾರದ್ರೀ, ಲೈಟ್ ಆನ್ ಇದೆ" ಎಂಬ ಕೂಗು. ಆ ಗದ್ದಲದಲ್ಲಿ ಕಾಗದದ ತಟ್ಟೆ ಹಿಡಿದು ನಾಗೋಜಿರಾಯರ ಪಕ್ಕ ಕುಳಿತೆ. ಹಲಸೂರಿನ ಮರಾಠರು. ಎತ್ತರದ ಆಳು, ಬೆನ್ನು ಮಾತ್ರ ಸೊಂಟದಿಂದ ಮುಂದಕ್ಕೆ ಬಾಗಿ ಹಾಗೇ ನಿಂತುಬಿಟ್ಟಿತ್ತು.

"ರೆಜಿಮೆಂಟ್‌ನಲ್ಲಿ ಏನಾಗಿದ್ರಿ ಅಂಕಲ್?"

"ನಾಲ್‌ಬಂದ್, ತಾಯಿ. ನಾನೂ ನಾಲ್‌ಬಂದ್, ನಮ್ಮಣ್ಣ ಯಲ್ಲೋಜೀನೂ ನಾಲ್‌ಬಂದ್. ಅಣ್ಣ ನಂಗಿಂತ ಮೇಲು. ಡ್ರಮ್ ಕುದುರೆ ಅವನ ಕೈಗೇ ಬಿಟ್ಟಿದ್ರು."

"ಡ್ರಮ್ ಕುದುರೆ ಅಂದ್ರೆ?"

"ಪೆರೇಡ್‌ನಲ್ಲಿ ಮುಂದೆ ಹೋಗೋದು. ಆಚೆಗೊಂದು ಈಚೆಗೊಂದು ಬೆಳ್ಳಿ ನಗಾರಿ. ಆನೆ ಮರಿ ಇದ್ದಂಗಿತ್ತು!"

"ಕಷ್ಟದ ಕೆಲಸವಾ ನಿಮ್ದು?"

"ಬಡಿದಿದ್ದೇ ಬಡಿದಿದ್ದು! ಬೆಳಗ್ಗೆ ಶುರು ಮಾಡಿದ್ರೆ ಸಾಯಂಕಾಲ ತೋಳು ಎತ್ತಕ್ಕಾಗ್ತಿರ್ಲಿಲ್ಲ. ಒಂದು ಏಟು ಆಚೀಚೆ ಆದ್ರೆ ಮುಗೀತು. ತಾಳ ಇದ್ದಂಗೆ ತಾಯಿ ಅದು."

ನಮ್ಮೂರಿನಲ್ಲಿ ಕುದುರೆಗಳಿರಲಿಲ್ಲ. ಲಾಳ ಎಂಬ ಪದ ಗೊತ್ತಿತ್ತು, ಅದೂ ಗಾಡಿ ಎತ್ತಿನ ಕಾಲಿಗೆ ಹೊಡೆಯುವುದು. ನಾಲ್ ಎಂದರೆ ನಾನು ಕಂಡದ್ದು ಮರಾಠಿ ಭಜನೆಯಲ್ಲಿ ತೊಡೆಯ ಮೇಲಿಟ್ಟು ಬಡಿಯುವ ಚರ್ಮವಾದ್ಯ. ಮರಾಠರು, ನಾಲ್, ಬ್ಯಾಂಡ್, ಡ್ರಮ್ ಕುದುರೆ, ತಾಳ. ನನಗೆ ಏನೂ ಸಂಶಯ ಬರಲಿಲ್ಲ. ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ: ದಳದ ವಾದ್ಯವೃಂದದಲ್ಲಿದ್ದರು.

ಬೆಂಗಳೂರಿನಲ್ಲಿ ನಮ್ಮ ಮುಖ್ಯ ಉಪಸಂಪಾದಕರು ಕಲಿಸಿದ್ದು, ಹೆಸರು, ವಯಸ್ಸು, ಊರು ಮೂರನ್ನೂ ಎರಡು ಸಲ ಕೇಳಬೇಕು ಎಂದು. ಎರಡು ಸಲ ಕೇಳಿದೆ. ಕಸುಬು ಆ ಪಟ್ಟಿಯಲ್ಲಿರಲಿಲ್ಲ.

ಅವರಿಗೆ ಯುವರಾಜರನ್ನು ಕಾಣಬೇಕಾಗಿದ್ದುದು ಕೈ ಕುಲುಕಲಿಕ್ಕಲ್ಲ. 1937ರಲ್ಲಿ ಯಲ್ಲೋಜಿ ಕೆಲಸದ ಮೇಲಿದ್ದಾಗಲೇ ಡ್ರಮ್ ಕುದುರೆ ಎದೆಗೆ ಒದ್ದದ್ದರಿಂದ ಸತ್ತಿದ್ದ. ದಳದ ಪ್ರಾರ್ಥನಾ ಮಂದಿರದಲ್ಲಿ ಒಂದು ದೊಡ್ಡ ಪುಸ್ತಕ. ಸೇವೆಯಲ್ಲಿ ಸತ್ತವರ ಹೆಸರನ್ನು ಅದರಲ್ಲಿ ಬರೆದು, ವರ್ಷಕ್ಕೊಂದು ಭಾನುವಾರ ಗಟ್ಟಿಯಾಗಿ ಓದುತ್ತಿದ್ದರು. ಭಾರತೀಯ ಕೆಲಸಗಾರರು ಕಾಂಪೌಂಡಿನ ಹೊರಗೆ ನಿಂತು ಕೇಳುವುದು. ಆ ವರ್ಷ ಹತ್ತೊಂಬತ್ತರ ನಾಗೋಜಿ ಗೋಡೆಗೆ ಒರಗಿ ಕೊನೆಯ ಹೆಸರಿನ ತನಕ ಕೇಳಿದರು. ಅಣ್ಣನ ಹೆಸರು ಬರಲಿಲ್ಲ. ವಿಚಾರಿಸಿದಾಗ ಅಲ್ಲಿನ ಅಧಿಕಾರಿ, ಕೆಲಸಗಾರರ ಹೆಸರು ಆ ಪುಸ್ತಕಕ್ಕೆ ಸೇರುವುದಿಲ್ಲ, ಗೌರವ ಕರ್ನಲ್ ಹೇಳಿದರೆ ಮಾತ್ರ ಬರೆಯಬಹುದು ಎಂದನಂತೆ. ಗೌರವ ಕರ್ನಲ್ ಎಲ್ಲೋ ಯುರೋಪಿನಲ್ಲಿದ್ದರು. ಸ್ವಲ್ಪ ದಿನಕ್ಕೆ ದಳ ಬೆಂಗಳೂರು ಬಿಟ್ಟಿತು, ಪುಸ್ತಕವೂ ಜತೆಗೆ ಹೋಯಿತು.

"ಇವರು ಹೆಸರಿಗೆ ಮಾತ್ರ ಕರ್ನಲ್ ಅಂಕಲ್," ಎಂದು ನಾನು ಎಚ್ಚರಿಸಿದೆ. "ಅಧಿಕಾರ ಏನೂ ಇರಲ್ಲ."

"ನಂಗೂ ಬೇಕಾಗಿರೋದು ಹೆಸರೇ ತಾನೇ ತಾಯಿ," ಎಂದರು.

ಸಂಘಟಕರ ಫಾರ್ಮನ್ನು ನಾನೇ ತುಂಬಿದೆ. ದಳದಲ್ಲಿ ಯಾವ ಕೆಲಸ ಎಂಬ ಕಡೆ ಇಂಗ್ಲಿಷಿನಲ್ಲಿ ಬ್ಯಾಂಡ್ಸ್‌ಮನ್ ಎಂದು ಬರೆದು, ಶಾಂತಾಳ ಮನೆಗೆ ಒಯ್ದು ಕೊಟ್ಟೆ. ಅವಳು ಓದಿ ಸಹಿ ಹಾಕಿಸಿ ಕಳಿಸಿದಳು. ಅಣ್ಣನ ವಿಷಯವನ್ನು ಪತ್ರದಲ್ಲಿ ಬರೆಯುತ್ತೇನೆಂದರೆ ರಾಯರು ಒಪ್ಪಲಿಲ್ಲ.

"ಕಾಗದ ಗುಮಾಸ್ತರ ಹತ್ರ ನಿಲ್ಲುತ್ತೆ. ನಾನು ಬಾಯಲ್ಲೇ ಹೇಳ್ತೀನಿ."

ಸೆಪ್ಟೆಂಬರ್ ಪೂರ್ತಿ ಅವರ ಅಡುಗೆಮನೆಯ ಮೇಜಿನ ಮುಂದೆ ಇಂಗ್ಲಿಷ್ ಪಾಠ ನಡೆಯಿತು. ಸಮುದ್ರದ ಕಡೆಯಿಂದ ಬೆಳಗಿನ ಮೋಡ ಕವಿದು ಹತ್ತು ಗಂಟೆಗೆ ಕರಗುವ ಹೊತ್ತಿಗೆ ನಾನು ಹೋಗುತ್ತಿದ್ದೆ. ಶನಿವಾರಗಳಲ್ಲಿ ಮೊಮ್ಮಗಳು ನೀನಾ ಇರುತ್ತಿದ್ದಳು. ಹದಿನೈದು ವರ್ಷ. ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಉತ್ತರ ಇಂಗ್ಲಿಷಿನಲ್ಲೇ. ಕಲಿಯಬೇಕಾದದ್ದು ಎರಡೇ ವಾಕ್ಯ: "ಮೈ ಬ್ರದರ್ ಯಲ್ಲೋಜಿ ರಾವ್ ಡೈಡ್ ಇನ್ ಯುವರ್ ರೆಜಿಮೆಂಟ್. ಪ್ಲೀಸ್ ರೈಟ್ ಹಿಸ್ ನೇಮ್."

"ಮೈ ಬಿರಾದರ್..." ಎಂದು ಶುರು ಮಾಡುತ್ತಿದ್ದರು ರಾಯರು.

"ತಾತಾ, ನೋ! ಬ್ರದರ್. ಬಿರಾದಾರ್ ಈಸ್ ಅವರ್ ಡೆಂಟಿಸ್ಟ್!"

"ಅವನೂ ಒಳ್ಳೆಯವನೇ ಕಣೇ. ಸೇರಿಸ್ಕೊಳ್ಳೋಣ."

ಕೊನೆಯ ವಾರಕ್ಕೆ ಎರಡೂ ವಾಕ್ಯ ಸಲೀಸಾಗಿ ಬರುತ್ತಿದ್ದವು. ನಿದ್ದೆಯಲ್ಲೂ ಹೇಳುತ್ತಾರೆಂದು ಶಾಂತಾ ನಕ್ಕಳು. ಒಂದು ತಿಂಗಳು ವಾರಕ್ಕೆ ಎರಡು ಮೂರು ಸಲ ಅವರೆದುರು ಕುಳಿತಿದ್ದೇನೆ. ಯಲ್ಲೋಜಿ ಹೇಗಿದ್ದ, ಏನು ತಿನ್ನುತ್ತಿದ್ದ, ಯಾವ ಹಾಡು ಗುನುಗುತ್ತಿದ್ದ ಎಂದೆಲ್ಲ ಕೇಳಿದ್ದೇನೆ. ಅಣ್ಣ ತಮ್ಮ ಮಾಡುತ್ತಿದ್ದ ಕೆಲಸವನ್ನು ಇನ್ನೊಮ್ಮೆ ಕೇಳಲಿಲ್ಲ, ನನಗೆ ಗೊತ್ತಿತ್ತಲ್ಲ.

ಆ ಶನಿವಾರ ಒಳನಾಡಿನಿಂದ ಬಿಸಿಗಾಳಿ ಬೀಸುತ್ತಿತ್ತು. ಸುತ್ತಲಿನ ಗುಡ್ಡಗಳು ಒಣಗಿ ಕಂದಾಗಿದ್ದವು, ನಡುವೆ ಮೈದಾನ ಮಾತ್ರ ಹಸಿರು. ಶಾಂತಾ ಡ್ರೈವ್ ಮಾಡಿದಳು, ನೀನಾ ಹಿಂದೆ. ರಾಯರು ಮುಚ್ಚು ಕಾಲರಿನ ಕಪ್ಪು ಕೋಟು ಹಾಕಿ, ದಾರಿಯುದ್ದಕ್ಕೂ ಸಮುದ್ರದ ಕಡೆ ನೋಡುತ್ತ ಕುಳಿತಿದ್ದರು. ಕ್ಲಿಪ್‌ಬೋರ್ಡ್ ಹಿಡಿದ ಒಬ್ಬ ನಿವೃತ್ತ ಮೇಜರ್ ನಮ್ಮನ್ನು ಎದುರುಗೊಂಡು ನಿಯಮ ಹೇಳಿದರು. ಯುವರಾಜರು ಮಾತಾಡಿಸುವ ಮೊದಲು ಮಾತಾಡಬಾರದು. ಕೇಳಿದ್ದಕ್ಕೆ ಮೊದಲು ಉತ್ತರ ಕೊಡಬೇಕು, ಆಮೇಲೆ ಬೇರೆ ಮಾತು. ಕಾಗದಪತ್ರ ಕೊಡಬಾರದು. ಭಾಷಾಂತರಕ್ಕೆ ಒಬ್ಬರು ಪಕ್ಕದಲ್ಲಿ ನಿಲ್ಲಬಹುದು. ನಾನು ಎಲ್ಲವನ್ನೂ ಕನ್ನಡದಲ್ಲಿ ಹೇಳಿದೆ. ರಾಯರು ತಲೆಯಾಡಿಸಿದರು.

ಅರ್ಧ ಗಂಟೆ ಸಮಯವಿತ್ತು. ಗಾಳಿ ತಿರುಗಿತೋ ಏನೋ, ರಾಯರು ಇದ್ದಕ್ಕಿದ್ದಂತೆ ಮೂಗು ಎತ್ತಿ ನಿಂತರು. ನಂತರ ಯಾರಿಗೂ ಹೇಳದೆ ಡೇರೆಗಳ ಹಿಂದಕ್ಕೆ ಹೊರಟರು. ನಾನು ಹಿಂದೆಯೇ ಓಡಿದೆ. ಅಲ್ಲಿ ಒಬ್ಬ ಅಮೆರಿಕನ್, ಸೊಂಟಕ್ಕೆ ಚರ್ಮದ ಏಪ್ರನ್ ಕಟ್ಟಿ, ಸಣ್ಣ ಕುಲುಮೆಯಿಂದ ಲಾಳ ತೆಗೆದು ಕುದುರೆಯ ಗೊರಸಿಗೆ ಒತ್ತುತ್ತಿದ್ದ. ಹೊಗೆ ಎದ್ದಿತ್ತು. ರಾಯರು ಹತ್ತಿರ ಹೋಗಿ ಕೈ ಮುಗಿದು, ಕುದುರೆಯ ಭುಜದಿಂದ ಕಾಲಿನ ತನಕ ಅಂಗೈ ಸವರಿದರು. ಕುದುರೆ ತಾನಾಗಿ ಕಾಲೆತ್ತಿತು. ಅವರ ಬೆನ್ನು ಯಾವ ಕೋನದಲ್ಲಿ ಬಾಗಿ ನಿಂತಿತ್ತೋ ಅದೇ ಕೋನದಲ್ಲಿ, ಆ ಕಾಲು ಅವರ ಎರಡು ಮೊಣಕಾಲುಗಳ ನಡುವೆ ಬಂದು ಕೂತಿತು. ಅಮೆರಿಕನ್ ಒಂದು ಮಾತೂ ಆಡದೆ ಸುತ್ತಿಗೆ ಕೊಟ್ಟ.

ನಾಲ್ಕು ಮೊಳೆ ಹೊಡೆದು ತಲೆ ಎತ್ತಿದರು. "ನೋಡಿದ್ರಾ ತಾಯಿ, ಇದೇ ನಾಲು. ಆರು ತಿಂಗಳು ನಮ್ಮಣ್ಣ ಬರೀ ಕಾಲು ಹಿಡಿಯೋದು ಕಲ್ಸಿದ್ದ, ಆಮೇಲೆ ಸುತ್ತಿಗೆ ಮುಟ್ಟಕ್ಕೆ ಬಿಟ್ಟಿದ್ದು."

"ಅಂಕಲ್, ನೀವು ಬ್ಯಾಂಡ್‌ನಲ್ಲಿ ಇರ್ಲಿಲ್ವಾ?"

"ಯಾವ ಬ್ಯಾಂಡು?"

ನಾನು ಮೇಜರ್ ಇದ್ದಲ್ಲಿಗೆ ಓಡಿದೆ. ಪರಿಚಯದ ಚೀಟಿಗಳು ಯುವರಾಜರ ಸಹಾಯಕನ ಕೈ ಸೇರಿವೆ, ಇನ್ನು ಬದಲಾಯಿಸಲಾಗದು, ನೀವೇ ಬಾಯಲ್ಲಿ ಹೇಳಿ ಸರಿಪಡಿಸಿ ಎಂದರು. ವಾಪಸ್ ಬಂದಾಗ ರಾಯರು ಸಾಲಿನಲ್ಲಿ ನಿಂತು ಕೋಟಿನ ಮೇಲಿನ ಕುದುರೆ ಕೂದಲು ತೆಗೆಯುತ್ತಿದ್ದರು. ಅವರಿಗೆ ವಿಷಯ ಹೇಳಲು ಹೊತ್ತಿರಲಿಲ್ಲ. ಹೊತ್ತಿದ್ದರೂ ಹೇಳುತ್ತಿದ್ದೆನೇ ಎಂಬುದು ನನಗೆ ಇಂದಿಗೂ ಖಚಿತವಿಲ್ಲ.

ಯುವರಾಜರು ಬಂದರು. ಮೂವತ್ತರ ಆಸುಪಾಸು, ಬಿಸಿಲಿಗೆ ಕೆಂಪಾದ ಮುಖ, ಕಡುನೀಲಿ ಸಮವಸ್ತ್ರ. ಪ್ರತಿಯೊಬ್ಬರ ಮುಂದೆಯೂ ನಿಜವಾದ ಕುತೂಹಲದಿಂದ ನಿಲ್ಲುತ್ತಿದ್ದರು. ಅದು ಅವರ ಕೆಲಸ, ಅದನ್ನು ಚೆನ್ನಾಗಿಯೇ ಮಾಡುತ್ತಿದ್ದರು. ಸಹಾಯಕ ಚೀಟಿ ಓದಿದ. ಯುವರಾಜರು ರಾಯರ ಕೈ ಹಿಡಿದು, ಬೆಂಗಳೂರಿನ ಬ್ಯಾಂಡಿನಲ್ಲಿ ಇದ್ದವರೆಂದರೆ ಬಹಳ ಸಂತೋಷ, ಯಾವ ವಾದ್ಯ ನುಡಿಸುತ್ತಿದ್ದಿರಿ ಎಂದು ಕೇಳಿದರು.

ಪತ್ರಿಕೆಯಲ್ಲಿ ನಮಗೆ ಕಲಿಸಿದ್ದು, ತಪ್ಪು ಕಂಡ ಕ್ಷಣವೇ ತಿದ್ದು, ಉಳಿದದ್ದೆಲ್ಲ ಆಮೇಲೆ. ನಾನು ಭಾಷಾಂತರಿಸಲಿಲ್ಲ. ನೇರವಾಗಿ ಇಂಗ್ಲಿಷಿನಲ್ಲಿ, ಕ್ಷಮಿಸಿ, ಚೀಟಿಯಲ್ಲಿರುವುದು ತಪ್ಪು, ತಪ್ಪು ನನ್ನದು, ಇವರು ವಾದ್ಯದವರಲ್ಲ, ದಳದ ಕುದುರೆಗಳಿಗೆ ಲಾಳ ಹೊಡೆಯುತ್ತಿದ್ದವರು, ಪದ ನನಗೆ ತಿಳಿಯಲಿಲ್ಲ ಎಂದು ವಿವರಿಸಿದೆ. ಕ್ರಮವಾಗಿ, ಸ್ಪಷ್ಟವಾಗಿ ವಿವರಿಸಿದೆ. ಯುವರಾಜರು ಜೋರಾಗಿ ನಕ್ಕರು. ಹಾಗಾದರೆ ಬ್ಯಾಂಡಿನವರಿಗಿಂತ ಹೆಚ್ಚು ಸದ್ದು ನೀವೇ ಮಾಡಿರಬೇಕು ಎಂದರು. ಅಕ್ಕಪಕ್ಕದವರೂ ನಕ್ಕರು. ಫೋಟೋದವನು ಕ್ಲಿಕ್ಕಿಸಿದ. ಎಲ್ಲರೂ ನಗುತ್ತಿದ್ದುದರಿಂದ ರಾಯರೂ ನಕ್ಕರು. ನಂತರ ಎದೆ ತುಂಬ ಉಸಿರೆಳೆದು, "ಮೈ ಬ್ರದರ್" ಎಂದರು.

ಸ್ಪಷ್ಟವಾಗಿಯೇ ಹೇಳಿದರು. ಆದರೆ ಯುವರಾಜರು ಆಗಲೇ ಮುಂದಿನ ಮುದುಕನ ಕೈ ಹಿಡಿದಿದ್ದರು.

ವಾಪಸಾಗುವಾಗ ಕಾರು ಹೆದ್ದಾರಿ ಹತ್ತಿತು. ಆಮೇಲೆ ರಾಯರೇ ಕೇಳಿದರು.

"ನೀವೇನೋ ಹೇಳಿದ್ರಿ, ಅವರು ನಕ್ರು. ಏನು ಹೇಳಿದ್ರಿ ತಾಯಿ?"

"ನೀವು ಬ್ಯಾಂಡ್‌ನವರಲ್ಲ, ನಾಲ್‌ಬಂದ್ ಅಂದೆ. ನಾನು ತಪ್ಪು ಬರೆದಿದ್ದೆ ಅಂಕಲ್."

"ಅಷ್ಟೇನಾ?"

"ಅಷ್ಟೇ."

"ಅಣ್ಣಂದು?"

"ಹೇಳ್ಲಿಲ್ಲ."

ಕಿಟಕಿಯ ಕಡೆ ತಿರುಗಿದರು. "ಹೋಗ್ಲಿ ಬಿಡಿ. ಕಸುಬಾದ್ರೂ ಸರಿಯಾಗಿ ಹೇಳಿದ್ರಲ್ಲ."

ಹೆದ್ದಾರಿ ಬದಿಯ ತಂಗುದಾಣದಲ್ಲಿ ಕಾರು ನಿಂತಾಗ ರಾಯರು ಮುಖ ತೊಳೆಯಲು ಹೋದರು, ನೀನಾ ಅವರ ಜತೆಗೆ ಹೋದಳು. ಶಾಂತಾ ಸ್ಟೀರಿಂಗ್ ಬಿಡದೆ ಹೇಳಿದಳು:

"ಅಕ್ಕಾ, ಆ ಫಾರ್ಮ್ ನಾನು ಓದಿದ್ದೆ. ತಪ್ಪು ಅಂತ ಗೊತ್ತಿತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಕುದುರೆ ಕಾಲು ಹಿಡಿಯೋನ ಮಗಳು ಅಂತ ನಮ್ಮತ್ತೆ ಮನೇಲಿ ಎಷ್ಟು ವರ್ಷ ಅನ್ನಿಸ್ಕೊಂಡಿದೀನಿ ಗೊತ್ತಾ? ಬ್ಯಾಂಡ್ಸ್‌ಮನ್ ಅಂತ ಓದ್ದಾಗ ಚೆನ್ನಾಗಿ ಕಾಣ್ತು. ಒಂದು ಫಾರ್ಮ್ ತಾನೇ, ಇರ್ಲಿ ಅಂತ ಬಿಟ್ಟೆ. ಅಪ್ಪನ ಎದುರು ಹೇಳ್ಬೇಡಿ."

ಹೇಳಲಿಲ್ಲ. ಶಾಂತಾ ಈಗ ಒಪ್ಪಿಗೆ ಕೊಟ್ಟ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ.

ಮುಂದೆ ಹೆದ್ದಾರಿಯ ಮೇಲೆ ವಲಸೆ ಪೊಲೀಸರ ತಪಾಸಣೆ. ಎಲ್ಲ ಕಾರುಗಳೂ ನಿಧಾನವಾದವು. ರಾಯರು ನೆಟ್ಟಗೆ ಕುಳಿತು ಕೋಟಿನ ಗುಂಡಿ ಹಾಕಿಕೊಂಡರು. ಪೊಲೀಸಿನವನು ಒಳಗೆ ಇಣುಕಿ ನೋಡಿ, ಹೋಗಿ ಎಂದು ಕೈ ಬೀಸಿದ.

"ಇವನೂ ಏನೂ ಕೇಳ್ಲಿಲ್ಲ," ಎಂದರು ರಾಯರು.

ನವೆಂಬರಿನಲ್ಲಿ ನಾನು ಇಂಗ್ಲೆಂಡಿಗೆ, ದಳದ ಕಾರ್ಯದರ್ಶಿಗೆ ಪತ್ರ ಬರೆದೆ. ಯಲ್ಲೋಜಿಯ ಸಾವಿನ ವಿವರ ಕೊಟ್ಟು, ಹೆಸರು ಸೇರಿಸಲು ಗೌರವ ಕರ್ನಲ್ ಅವರ ಅನುಮತಿ ಕೇಳಿದೆ. ಜನವರಿಯಲ್ಲಿ ಬಂದ ಉತ್ತರ ಸೌಜನ್ಯದಿಂದಲೇ ಕೂಡಿತ್ತು. ನಾಗೋಜಿರಾಯರ ಹೆಸರು ತಮ್ಮಲ್ಲಿ ಸ್ಯಾನ್ ಡಿಯಾಗೋದ ಫಾರ್ಮಿನ ಮೂಲಕ ಬ್ಯಾಂಡ್ಸ್‌ಮನ್ ಎಂದು ದಾಖಲಾಗಿದೆ, ಆದರೆ ದಳದ ಬ್ಯಾಂಡಿನಲ್ಲಿ ಭಾರತೀಯರು ಇದ್ದದ್ದಕ್ಕೆ ದಾಖಲೆಯೇ ಇಲ್ಲ ಎಂದಿದ್ದರು. ನಾನು ತಿದ್ದುಪಡಿ ಕಳಿಸಿದೆ, ತಪ್ಪು ನನ್ನದೆಂದು ಒಪ್ಪಿಕೊಂಡು ಎರಡು ಪುಟ. ಒಬ್ಬರ ಬಗ್ಗೆಯೇ ಎರಡು ಬೇರೆ ಬೇರೆ ಹೇಳಿಕೆಗಳು ಬಂದಿರುವುದರಿಂದ, ಬೇರೆ ಲಿಖಿತ ಆಧಾರವಿಲ್ಲದೆ ಕರ್ನಲ್ ಅವರ ಮುಂದೆ ಇಡಲಾಗುವುದಿಲ್ಲ ಎಂದು ಎರಡನೆಯ ಉತ್ತರ ಬಂತು.

ಆ ಪತ್ರವನ್ನು ಅದೇ ಅಡುಗೆಮನೆಯ ಮೇಜಿನ ಮುಂದೆ ಕುಳಿತು ಓದಿ ಹೇಳಿದೆ.

"ಅಂದ್ರೆ, ನಾನು ಸುಳ್ಳು ಹೇಳ್ತಿದೀನಿ ಅಂತಾನಾ?"

"ಹಾಗಲ್ಲ ಅಂಕಲ್. ಏನಾದ್ರೂ ಕಾಗದ ಬೇಕಂತೆ. ಗುರುತಿನ ಚೀಟಿ, ಏನಾದ್ರೂ."

"ಹಿತ್ತಾಳೆ ಬಿಲ್ಲೆ ಇತ್ತು, ನಂಬರ್ ಕೊರೆದಿದ್ದು. ಅಣ್ಣನ ಕೊರಳಲ್ಲೇ ಇತ್ತು. ಹಂಗೇ ಸುಡುಗಾಡಿಗೆ ಕಳಿಸ್ಬಿಟ್ವಿ." ಮೇಜಿನ ಮೇಲಿದ್ದ ಪತ್ರವನ್ನು ನನ್ನ ಕಡೆ ಸರಿಸಿ, "ತೆಗೆದಿಟ್ಕೋಬೇಕಿತ್ತು ಅಂತ ಆಗ ಯಾರಿಗೆ ಹೊಳೀತದೆ?" ಎಂದರು.

ನಾನು ಅವರ ಮನೆಗೆ ಹೋಗುವುದು ನಿಧಾನಕ್ಕೆ ಕಡಿಮೆಯಾಯಿತು. ಕೆಲಸ ಹೆಚ್ಚಿತ್ತು ಎಂದು ಆಗ ಹೇಳಿಕೊಳ್ಳುತ್ತಿದ್ದೆ. ಅಷ್ಟೇನೂ ಇರಲಿಲ್ಲ. ನಾಲ್ಕು ಬೀದಿಯ ದೂರ. ಹೋದಾಗಲೆಲ್ಲ ಅವರು ಕಾಫಿ ಕೊಡಿಸಿ, ಆ ಎರಡು ವಾಕ್ಯಗಳನ್ನು ಒಮ್ಮೆ ಹೇಳಿ, "ಈಗಲೂ ಸರಿಯಾಗಿ ಬರುತ್ತೆ ಅಲ್ವಾ?" ಎಂದು ಕೇಳುತ್ತಿದ್ದರು. ಸರಿಯಾಗಿಯೇ ಬರುತ್ತಿತ್ತು.

ನಾಗೋಜಿರಾಯರು 1999ರ ಮಾರ್ಚ್‌ನಲ್ಲಿ ಟೊರೆನ್ಸಿನಲ್ಲಿ ತೀರಿಕೊಂಡರು. ನಮ್ಮ ಪತ್ರಿಕೆಯಲ್ಲಿ ನಿಧನವಾರ್ತೆ ನಾನೇ ಬರೆದೆ. ಕಸುಬಿನ ಪದವನ್ನು ಮೂವರ ಹತ್ತಿರ ಕೇಳಿ ಖಚಿತಪಡಿಸಿಕೊಂಡೆ.

ನೀನಾ ಸ್ಯಾನ್ ಡಿಯಾಗೋದಲ್ಲಿ ಓದಿ, ಅಲ್ಲಿನ ಯೂನಿವರ್ಸಿಟಿ ಸಿಟಿ ಬಡಾವಣೆಯಲ್ಲೇ ಮನೆ ಮಾಡಿದ್ದಾಳೆ. ಕಡತ ತೆಗೆದ ದಿನ ಅವಳಿಗೆ ಫೋನ್ ಮಾಡಿದೆ. ಹೋದ ವರ್ಷ ಕೆಲಸದ ಮೇಲೆ ಇಂಗ್ಲೆಂಡಿಗೆ ಹೋದಾಗ ದಳದ ವಸ್ತುಸಂಗ್ರಹಾಲಯಕ್ಕೂ ಪ್ರಾರ್ಥನಾ ಮಂದಿರಕ್ಕೂ ಹೋಗಿದ್ದಾಗಿ ಹೇಳಿದಳು. ಸಂಗ್ರಹಾಲಯದಲ್ಲಿ ಗೌರವ ಕರ್ನಲ್‌ಗಳ ಪ್ರವಾಸದ ಚಿತ್ರಗಳಿವೆ. ಅವುಗಳಲ್ಲಿ ಒಂದು ಆ ಶನಿವಾರದ್ದು, ಯುವರಾಜರು ಮತ್ತು ರಾಯರು ಇಬ್ಬರೂ ನಗುತ್ತಿರುವುದು. ಕೆಳಗೆ "ಬ್ಯಾಂಡ್ಸ್‌ಮನ್ ನಾಗೋಜಿ ರಾವ್, ಬೆಂಗಳೂರು" ಎಂದು ಅಚ್ಚಾಗಿದೆ. ಪ್ರಾರ್ಥನಾ ಮಂದಿರದ ಪುಸ್ತಕದಲ್ಲಿ 1937ರ ಪುಟಕ್ಕೆ ಮೂರು ಹೆಸರುಗಳಿವೆ. ಯಲ್ಲೋಜಿ ರಾವ್ ಎಂಬ ಹೆಸರಿಲ್ಲ.